ಒಡೆದ ಗಾಜಿನಡಿ ಒಂದು ಚಾಪೆ

ಧರ್ಮಸ್ಥಳದ ಗಾಡಿಯ ಮುಂಗಾಜು ಸೀಳಿದ್ದು
ಕೊಟ್ಟಿಗೆಹಾರದ ತಿರುವಿನಲ್ಲಿ, ಲಾರಿಯ ಜಲ್ಲಿ ಹಾರಿ.
ಗುಜರಿಯ ಪಟ್ಟಿಗೆ ಬರೆದವಳು ನಾನೇ,
ಚಿಕ್ಕಮಗಳೂರು ಡಿಪೋದ ಸ್ಟೋರ್ಸಿನ ನೀಲಾಂಬಿಕೆ;
ನೂರಾ ಹತ್ತು ರೂಪಾಯಿ ಕಟ್ಟಿ, ರಸೀದಿ ಪಡೆದು,
ಗೂಡ್ಸ್ ಆಟೋದಲ್ಲಿ ಮಲಗಿಸಿ ಮನೆಗೆ ತಂದವಳೂ ನಾನೇ.
ಈಗ ಅದು ಇಟ್ಟಿಗೆಗಳ ಮೇಲೆ ನಿಂತಿದೆ,
ಅಂಗೈಯಗಲದ ಗಿಡವೊಂದಕ್ಕೆ ಸೂರು.

ಗಿಡ ಈ ಸೀಮೆಯದಲ್ಲ.
ಮೆಕ್ಯಾನಿಕ್ ಲಿಗೋರಿಯ ಭಾವ ಸೈನ್ಯದಲ್ಲಿದ್ದಾತ,
ಲಾಹೌಲಿನ ಯಾವುದೋ ಕಣಿವೆಯಿಂದ ತಂದ:
ತುದಿ ಮಡಚಿದ ಓಆರ್‌ಎಸ್ ಪೊಟ್ಟಣ, ಒಳಗೆ
ಸಾಸಿವೆಗಿಂತ ಸಣ್ಣ ಕಪ್ಪು ಬೀಜ.
ಹೆಸರೇನು ಅಂದೆ.
ಹಿಮ ಕರಗಿದ ಕಡೆ ಚಾಪೆ ಹಾಸತ್ತೆ ಅಂದ.
ಅಷ್ಟೇ. ಚಾಪೆ ಎಂದೇ ಕರೆದೆ.

ಚಳಿ ಉಣ್ಣದೆ ಮೊಳೆಯದಂತೆ.
ನಮ್ಮ ಚಳಿಯೆಂದರೆ ಒಂದು ಸ್ವೆಟರು, ಒಡೆದ ತುಟಿ.
ಒದ್ದೆ ಮರಳಿನ ಡಬ್ಬಿಯಲ್ಲಿ ಆರು ವಾರ
ಫ್ರಿಜ್ಜಿನೊಳಗಿಟ್ಟೆ, ದೋಸೆಹಿಟ್ಟಿನ ಪಕ್ಕ.
ಕರೆಂಟು ಹೋದಾಗೆಲ್ಲ ಎದ್ದು ಹೋಗಿ
ಅದರ ಬಾಗಿಲ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದೆ,
ಎಲ್ಲಿ ವಸಂತ ಬಂತೆಂದುಕೊಂಡೀತೋ ಎಂದು.
ಹಿಟ್ಟು ಹುಳಿಯಾಯಿತು. ಬೀಜ ಸುಳ್ಳನ್ನು ನಂಬಿತು:
ಇಪ್ಪತ್ತರಲ್ಲಿ ಮೂರು.

ಕಲ್ಲು ಬೇಕಿತ್ತು. ಮಣ್ಣಲ್ಲ, ಕಲ್ಲು.
ಹೇಳಿದ್ದು ಒಬ್ಬರಿಗೆ, ಕೇಳಿಸಿದ್ದು ಡಿಪೋಗೆಲ್ಲ.
ಹಳೇಬೀಡಿನ ಟ್ರಿಪ್ಪಿನ ದಸ್ತಗೀರ್ ತಂದ
ಬಳಪದ ಕಲ್ಲಿನ ಚೂರು, ಶಿಲ್ಪಿಯೊಬ್ಬನ ಅಂಗಳದ್ದು,
ಯಾವ ದೇವರದೋ ಮುಗಿಯದ ಮೊಣಕೈ.
ಕಡೂರಿನಿಂದ ಬಿಳಿ ಬೆಣಚು.
ಕೆಮ್ಮಣ್ಣುಗುಂಡಿಯ ಅದಿರಿನ ಗುಂಡು ತಂದವರ
ಯೂನಿಫಾರ್ಮಿನ ಜೇಬಿನ ತುಂಬ ತುಕ್ಕು.
ಕಂಡಕ್ಟರ್ ಷಡಾಕ್ಷರಿ ನಿಯಮದ ಮನುಷ್ಯ;
ಮೂಡಿಗೆರೆಯ ಕಲ್ಲಿಗೆ ಲಗೇಜ್ ಟಿಕೆಟ್ ಹರಿದು
ಕೊರಳಿಗೆ ಕಟ್ಟಿಯೇ ಕೊಟ್ಟ.

ಹೂತೆ, ತುಸು ಹಿಂದಕ್ಕೆ ಒರಗಿಸಿ,
ಮೂರು ಪಾಲಿನಲ್ಲಿ ಎರಡು ಒಳಗೆ, ಕಾಣುವುದು ಮೂಗು ಮಾತ್ರ.
ಸಂದಿಗೆ ಜಲ್ಲಿಪುಡಿ. ಗಿಡದ ಕೊರಳಿಗೂ ಅದೇ ಸರ.
ಕಾಲು ತಂಪಿರಬೇಕು, ಕೊರಳು ಒಣಗಿರಬೇಕು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಿದ್ದರು ಅತ್ತೆ.
ಇದೋ, ಕಾಲು ಚಾಚುತ್ತ ಚಾಚುತ್ತಲೇ
ತನ್ನ ಹಾಸಿಗೆ ಹೆಣೆದುಕೊಂಡಿತು,
ವರ್ಷಕ್ಕೆ ಎರಡು ಬೆರಳು.

ಆಮೇಲೆ ಜೂನ್.
ನಾನು ಚಾಪೆಯ ಕೆಳಗೆ ತೂರಿದರೆ
ರಂಗೋಲಿಯ ಕೆಳಗೆ ತೂರುವ ಮಳೆ ನಮ್ಮದು.
ಗಾಜು ತಡೆದದ್ದು ಪಕ್ಕಕ್ಕೆ ಇಳಿಯಿತು,
ಪಕ್ಕಕ್ಕೆ ಇಳಿದದ್ದು ಅಡಿಯಿಂದ ಬಂತು.
ಒಂದು ಗಿಡ ಕೊಳೆತಿತು. ಒಂದನ್ನು ಬಸವನಹುಳ
ಒಂದೇ ರಾತ್ರಿಯಲ್ಲಿ ಮುಗಿಸಿ
ಬೆಳ್ಳಿಯ ಗೆರೆಯೆಳೆದು ಹೋಯಿತು.
ಉಳಿದದ್ದರ ನಡುನೆತ್ತಿ ಬೋಳಾಯಿತು.
ಮುಗಿಯಿತೆಂದುಕೊಂಡೆ. ಆದರೂ
ಟೀ ಚಮಚದಲ್ಲಿ ಒಣಮರಳು ತುಂಬುತ್ತಿದ್ದಾಗ
ಅಂಚಿನ ಒಂದೊಂದು ಎಳೆಯನ್ನೂ ಎತ್ತಿ ನೋಡಿದೆ:
ಬುಡವನ್ನು ನೆಚ್ಚದೆ, ಕೇಳದೆ, ಹೇಳದೆ
ಮೊಣಕೈಯಡಿಗೆ ತಂತಮ್ಮ ಬೇರು ಇಳಿಸಿದ್ದವು.

ನಾಲ್ಕು ವರ್ಷ ಹೂವಿಲ್ಲ.
ಗೇಟಿನ ಕಾವಲುಗಾರ ದಿನವೂ ಕೇಳುವುದು ಅದೊಂದೇ,
ಹೆರಿಗೆಗೆ ಕಾದವರ ಮನೆಯವರನ್ನು ಕೇಳುವಂತೆ.
ಈ ಜನವರಿಯ ಒಂದು ಬೆಳಿಗ್ಗೆ ಒಂದು, ಮಾರನೆಯ ದಿನ ಒಂಬತ್ತು,
ಷರ್ಟಿನ ತೋಳಿನ ಗುಂಡಿಗಿಂತ ಚಿಕ್ಕವು, ಬಿಳಿ.
ರಾತ್ರಿ ಪಾಳಿ ಮುಗಿಸಿದವರು ಡೀಸೆಲ್ ವಾಸನೆಯ ಸಮೇತ ಬಂದರು.
ಷಡಾಕ್ಷರಿ ಕುಕ್ಕರಗಾಲಲ್ಲಿ ಕೂತು
ಎಣಿಸಿದ, ಪ್ರಯಾಣಿಕರ ತಲೆ ಎಣಿಸುವಂತೆ, ಎರಡು ಸಲ.

ಲಿಗೋರಿ ಭಾವನಿಗೆ ಫೋಟೋ ಕಳಿಸಿದ.
ಮಧ್ಯಾಹ್ನ ಉತ್ತರ ಬಂತು:
ನಾನು ಕೊಟ್ಟದ್ದು ಇದಲ್ಲ, ಅದರದ್ದು ನೀಲಿ.

ಯಾರೂ ಏನೂ ಅನ್ನಲಿಲ್ಲ ಸ್ವಲ್ಪ ಹೊತ್ತು.
ಆಮೇಲೆ ದಸ್ತಗೀರ್, ಒಂದು ಎಳೆ ಕೊಡಿ ಮೇಡಂ,
ಮುಳ್ಳಯ್ಯನಗಿರಿಯ ತುದಿಯಲ್ಲಿ ನೆಡ್ತೀನಿ, ಚಳಿ ಇರತ್ತೆ ಅಂದ.
ಬೇಡ ಅಂದೆ. ಅಲ್ಲಿಗೆ ಅಲ್ಲಿಯದೇ ಹುಲ್ಲಿದೆ,
ಗುರಿಗೆ ಇದೆ. ಬೇಕಿದ್ದರೆ
ನಿನ್ನ ಮನೆಯ ಕುಂಡದಲ್ಲಿಟ್ಟುಕೋ.

ಸಂಜೆ ಬಿಸಿಲು ವಾಲಿದಾಗ
ಗಾಜಿನ ಸೀಳು ನೆರಳಾಗಿ ಹೂಗಳ ಮೇಲೆ ಹಾದುಹೋಗುತ್ತದೆ,
ರೂಟ್ ಮ್ಯಾಪಿನ ಗೆರೆಯ ಹಾಗೆ.
ಎಡಗಡೆಯ ಇಟ್ಟಿಗೆ ಜರುಗಿದೆ.
ನಾಳೆ ಎರಡನೇ ಪಾಳಿ,
ಬೆಳಿಗ್ಗೆಯೇ ಸರಿಮಾಡಬೇಕು.